ಒತ್ತಿನ ಬೆಲೆ: ಅಂತರ್ಜಾಲ ಜಾಹೀರಾತಿನಲ್ಲಿ ಎಣಿಕೆ ಮತ್ತು ವಂಚನೆ

ಅಳತೆಯ ಮೇಲೆ ನಡೆಯುವ ಯಾವ ವ್ಯಾಪಾರದಲ್ಲಾದರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಕೊಳಗ ಯಾರ ಕೈಯಲ್ಲಿದೆ? ಧಾನ್ಯದ ವ್ಯಾಪಾರದಲ್ಲಿ ಈ ಪ್ರಶ್ನೆ ಎಷ್ಟು ಸಹಜವೋ ಜಾಹೀರಾತಿನ ವ್ಯಾಪಾರದಲ್ಲಿಯೂ ಅಷ್ಟೇ ಸಹಜವಾದುದು. ಜಾಹೀರಾತು ಕೊಡುವವನು ಕಾಗದವನ್ನಾಗಲಿ ಬೆಳಕಿನ ತೆರೆಯನ್ನಾಗಲಿ ಕೊಳ್ಳುವುದಿಲ್ಲ. ಜನರ ಗಮನವನ್ನು ಕೊಳ್ಳುತ್ತಾನೆ. ಗಮನವಾದರೋ ತೂಕಕ್ಕೂ ಮಾನಕ್ಕೂ ಸಿಕ್ಕದ ವಸ್ತು. ಆದುದರಿಂದ ಅದರ ಯಾವುದಾದರೊಂದು ಕುರುಹನ್ನು ಎಣಿಸಿ ಬೆಲೆ ಕಟ್ಟುವುದು ಅನಿವಾರ್ಯವಾಗುತ್ತದೆ. ಕುರುಹಿಗೆ ಬೆಲೆ ಬಂದ ದಿನವೇ ಹುಸಿ ಕುರುಹನ್ನು ತಯಾರಿಸುವವರೂ ಹುಟ್ಟಿಕೊಳ್ಳುತ್ತಾರೆ.

ಮುಂಬಯಿಗೆ ಈ ಸಮಸ್ಯೆ ಹೊಸದಲ್ಲ. ಗಿರಗಾಂವಿನ ಬಿ. ದತ್ತಾರಾಮ್ ಸಂಸ್ಥೆ ೧೯೦೫ರಲ್ಲಿಯೂ, ಜೆ. ವಾಲ್ಟರ್ ಥಾಮ್ಸನ್ ಸಂಸ್ಥೆಯ ಶಾಖೆ ೧೯೨೯ರಲ್ಲಿಯೂ ಇಲ್ಲಿ ಆರಂಭವಾದುವು. ಅಂದಿನಿಂದ ಈ ನಗರ ಭಾರತೀಯ ಜಾಹೀರಾತು ಉದ್ಯಮದ ಮುಖ್ಯ ನೆಲೆಯಾಗಿ ಬೆಳೆದಿದೆ. ಆ ಕಾಲದಲ್ಲಿ ಎಣಿಕೆಯ ಕುರುಹು ಪತ್ರಿಕೆಯ ಪ್ರಸಾರಸಂಖ್ಯೆ. ಪ್ರಕಾಶಕನು ತಾನೇ ಹೇಳಿದ ಸಂಖ್ಯೆಯನ್ನು ಜಾಹೀರಾತುದಾರ ನಂಬುವುದೆಂತು? ಅಚ್ಚಾದ ಪ್ರತಿಯೆಲ್ಲ ಮಾರಾಟವಾದ ಪ್ರತಿಯಲ್ಲ. ರದ್ದಿಯ ಅಂಗಡಿಗೆ ನೇರವಾಗಿ ಹೋದ ಕಟ್ಟನ್ನು ಓದಿದವರು ಯಾರೂ ಇರುವುದಿಲ್ಲ. ಈ ಸಂಶಯದ ಪರಿಹಾರಕ್ಕಾಗಿಯೇ ೧೯೪೮ರಲ್ಲಿ ಮುಂಬಯಿಯಲ್ಲಿ ಆಡಿಟ್ ಬ್ಯೂರೋ ಆಫ್ ಸರ್ಕ್ಯುಲೇಷನ್ಸ್ ಸ್ಥಾಪಿತವಾಯಿತು. ಪ್ರಕಾಶಕರು, ಜಾಹೀರಾತುದಾರರು, ಜಾಹೀರಾತು ಏಜೆನ್ಸಿಗಳು—ಈ ಮೂರು ಪಕ್ಷದವರೂ ಅದರ ಸದಸ್ಯರು. ಲೆಕ್ಕ ಪರಿಶೋಧಕರು ಪುಸ್ತಕಗಳನ್ನು ನೋಡಿದ ಮೇಲೆ ಆರು ತಿಂಗಳಿಗೊಮ್ಮೆ ಪ್ರಮಾಣಪತ್ರ ಹೊರಡುತ್ತದೆ. ಕೊಳಗವನ್ನು ಮಾರುವವನ ಕೈಯಿಂದ ಬಿಡಿಸಿ ಮೂರನೆಯವನ ಕೈಗೆ ಕೊಟ್ಟುದೇ ಈ ವ್ಯವಸ್ಥೆಯ ಸಾರ.

ಅಂತರ್ಜಾಲವು ಬಂದಾಗ ಈ ತೊಡಕೇ ನೀಗಿತೆಂದು ಅನೇಕರು ಭಾವಿಸಿದರು. ೧೯೯೮ರಲ್ಲಿ ಕ್ಯಾಲಿಫೋರ್ನಿಯಾದ ಬಿಲ್ ಗ್ರಾಸ್ ಎಂಬವರು ಸ್ಥಾಪಿಸಿದ ಗೋಟು ಸಂಸ್ಥೆಯು ಒತ್ತಿಗಿಷ್ಟು ದರವೆಂಬ ಪದ್ಧತಿಯನ್ನು ಬಳಕೆಗೆ ತಂದಿತು. ಜಾಹೀರಾತನ್ನು ತೋರಿಸಿದ್ದಕ್ಕೆ ಹಣವಿಲ್ಲ. ನೋಡಿದವನು ಅದರ ಮೇಲೆ ಒತ್ತಿ, ವ್ಯಾಪಾರಿಯ ಪುಟಕ್ಕೆ ಬಂದರೆ ಮಾತ್ರ ಹಣ. ದರವಾದರೋ ಹರಾಜಿನಿಂದ ನಿರ್ಧಾರವಾಗತಕ್ಕದ್ದು. ೨೦೦೨ರಲ್ಲಿ ಗೂಗಲ್ ಸಂಸ್ಥೆಯೂ ಈ ಮಾರ್ಗವನ್ನು ಹಿಡಿಯಿತು. ೨೦೦೩ರಲ್ಲಿ ಆಡ್‌ಸೆನ್ಸ್ ಎಂಬ ಯೋಜನೆಯಿಂದ ಅನ್ಯರ ಜಾಲಪುಟಗಳಲ್ಲಿಯೂ ಜಾಹೀರಾತನ್ನು ಇರಿಸಿ, ಬಂದ ಹಣದಲ್ಲಿ ಪುಟದ ಒಡೆಯನಿಗೆ ಪಾಲು ಕೊಡತೊಡಗಿತು. ಅಲ್ಪ ಬಂಡವಾಳದ ವ್ಯಾಪಾರಿಗೆ ಇದು ವರದಂತೆ ತೋರಿದುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಒತ್ತು ಎಂಬುದು ಬೆರಳಿನ ಕ್ರಿಯೆ. ಅದರ ಹಿಂದಿನ ಮನಸ್ಸು ಲೆಕ್ಕಕ್ಕೆ ಕಾಣುವುದಿಲ್ಲ. ಈ ಸಂದಿನಲ್ಲಿ ಮೂರು ಬಗೆಯ ವಂಚನೆ ನುಸುಳಿತು. ಒಂದು, ಪ್ರತಿಸ್ಪರ್ಧಿಯು ಮಾಡುವುದು: ಎದುರಾಳಿಯ ಜಾಹೀರಾತನ್ನು ಮತ್ತೆ ಮತ್ತೆ ಒತ್ತಿ, ಅವನ ದಿನದ ಹಣವನ್ನು ಬೆಳಗ್ಗೆಯೇ ಬರಿದು ಮಾಡುವುದು. ಎರಡು, ಪುಟದ ಒಡೆಯನು ಮಾಡುವುದು: ತನ್ನ ಪಾಲು ಹೆಚ್ಚಲೆಂದು ತಾನೇ ಒತ್ತುವುದು, ಕೂಲಿಯವರಿಂದ ಒತ್ತಿಸುವುದು. ಮೂರು, ಯಂತ್ರದ ಒತ್ತು: ರೋಗ ತಗಲಿದ ಗಣಕಯಂತ್ರಗಳು ಒಡೆಯನಿಗೆ ಅರಿವಿಲ್ಲದೆ ಒತ್ತುವಂತೆ ಮಾಡುವುದು. ೨೦೧೧ರಲ್ಲಿ ಅಮೆರಿಕದ ಎಫ್.ಬಿ.ಐ. ಬಯಲಿಗೆಳೆದ ಒಂದು ಪ್ರಕರಣದಲ್ಲಿ ನೂರಕ್ಕೂ ಹೆಚ್ಚು ದೇಶಗಳ ಸುಮಾರು ೪೦ ಲಕ್ಷ ಯಂತ್ರಗಳಿಗೆ ಸೋಂಕು ತಗಲಿತ್ತು.

ಇಲ್ಲಿ ವಿಚಾರಿಸತಕ್ಕ ಅಂಶವೊಂದುಂಟು. ಒತ್ತನ್ನು ಮಾರುವ ಸಂಸ್ಥೆಯೇ ಒತ್ತನ್ನು ಎಣಿಸುತ್ತದೆ. ಸುಳ್ಳು ಒತ್ತು ಯಾವುದೆಂದು ತೀರ್ಪು ಕೊಡುವುದೂ ಅದೇ. ಬೇಲಿಯೇ ಹೊಲ ಮೇಯುತ್ತದೆಂದು ಇದರಿಂದ ಹೇಳಲಾಗದು. ನಂಬಿಕೆ ಕೆಟ್ಟರೆ ವ್ಯಾಪಾರವೇ ಕೆಡುವುದೆಂಬ ಭಯ ಆ ಸಂಸ್ಥೆಗಳಿಗೂ ಉಂಟು. ಆದರೂ ಮೇಯಬಲ್ಲ ಸ್ಥಾನದಲ್ಲಿ ಬೇಲಿ ನಿಂತಿದೆಯೆಂಬುದು ನಿಜ. ಅಮೆರಿಕದ ಅರ್ಕನ್ಸಾ ಸಂಸ್ಥಾನದಲ್ಲಿ ಜಾಹೀರಾತುದಾರರು ಹೂಡಿದ ಮೊಕದ್ದಮೆಯನ್ನು ಗೂಗಲ್ ಸಂಸ್ಥೆಯು ೨೦೦೬ರಲ್ಲಿ ೯ ಕೋಟಿ ಡಾಲರಿನ ಒಪ್ಪಂದದಿಂದ ಮುಗಿಸಿತು. ಆ ಸಂದರ್ಭದಲ್ಲಿ ಪರಿಶೀಲನೆ ನಡೆಸಿದ ಪ್ರಾಧ್ಯಾಪಕ ಅಲೆಕ್ಸಾಂಡರ್ ತುಜಿಲಿನ್ ಅವರು ಸಂಸ್ಥೆಯ ಪ್ರಯತ್ನಗಳು ಸಮಂಜಸವಾದುವೆಂದು ಒಪ್ಪಿದರು. ಆದರೆ ಒತ್ತಿದವನ ಉದ್ದೇಶವನ್ನು ಎಲ್ಲ ಸಂದರ್ಭಗಳಲ್ಲಿಯೂ ಖಚಿತವಾಗಿ ತಿಳಿಯುವ ಉಪಾಯವಿಲ್ಲವೆಂಬುದನ್ನೂ ಎತ್ತಿ ತೋರಿಸಿದರು.

ಫಲವು ಕುಗ್ಗುವ ಬಗೆಯನ್ನು ಒಂದು ಕಲ್ಪಿತ ಲೆಕ್ಕದಿಂದ ಅರಿಯಬಹುದು. ಮಾಟುಂಗದಲ್ಲಿ ಸಮಾರಂಭಗಳಿಗೆ ಊಟ ಒದಗಿಸುವವನೊಬ್ಬನು ಒತ್ತಿಗೆ ೨೦ ರೂಪಾಯಿಯಂತೆ ದಿನಕ್ಕೆ ೧,೦೦೦ ರೂಪಾಯಿ ತೆರುತ್ತಾನೆಂದಿಟ್ಟುಕೊಳ್ಳೋಣ. ೫೦ ಒತ್ತುಗಳು ಬಂದು, ೨೫ಕ್ಕೆ ಒಬ್ಬನಂತೆ ಇಬ್ಬರು ಗಿರಾಕಿಗಳಾದರೆ ತಲೆಗೆ ಬಿದ್ದ ಖರ್ಚು ೫೦೦ ರೂಪಾಯಿ. ಹರಾಜಿನ ಪೈಪೋಟಿಯಿಂದ ದರ ೨೫ ರೂಪಾಯಿಗೆ ಏರಿತು. ಒತ್ತುಗಳು ೪೦ಕ್ಕೆ ಇಳಿದುವು. ಅವುಗಳಲ್ಲಿ ೧೫ ಸುಳ್ಳಾದರೆ ಉಳಿದ ೨೫ರಿಂದ ದೊರೆಯುವವನು ಒಬ್ಬನೇ ಗಿರಾಕಿ. ಖರ್ಚು ೧,೦೦೦ ರೂಪಾಯಿ. ದರ ಏರಿದ್ದು ಕಾಲುಭಾಗ ಮಾತ್ರ, ಆದರೆ ಗಿರಾಕಿಯ ಬೆಲೆ ಎರಡು ಮಡಿಯಾಯಿತು. ಇದಕ್ಕೆ ಜನರ ಬೇಸರವೂ ಸೇರುತ್ತದೆ. ೧೯೯೪ರಲ್ಲಿ ಹಾಟ್‌ವೈರ್ಡ್ ಪುಟದ ಮೊದಲ ಪಟ್ಟಿ ಜಾಹೀರಾತನ್ನು ನೋಡಿದವರಲ್ಲಿ ಶೇಕಡ ೪೪ ಮಂದಿ ಒತ್ತಿದರೆಂದು ಹೇಳುತ್ತಾರೆ. ಇಂದು ಅಂತಹ ಜಾಹೀರಾತಿಗೆ ಶೇಕಡ ಒಂದರಷ್ಟು ದೊರೆಯುವುದೂ ಅಪರೂಪ.

ಎಣಿಕೆಯ ವಿವಾದ ಮುಂಬಯಿಯಲ್ಲಿ ಬೇರೆ ರೂಪಗಳಲ್ಲಿಯೂ ತಲೆದೋರಿದೆ. ದೂರದರ್ಶನ ವಾಹಿನಿಗಳ ವೀಕ್ಷಕರನ್ನು ಅಂದಾಜು ಮಾಡಲು ದೇಶದ ಸುಮಾರು ೪೪,೦೦೦ ಮನೆಗಳಲ್ಲಿ ಮಾಪಕಗಳನ್ನು ಇಡಲಾಗಿತ್ತು. ಅಂತಹ ಕೆಲವು ಮನೆಯವರಿಗೆ ಹಣಕೊಟ್ಟು ನಿರ್ದಿಷ್ಟ ವಾಹಿನಿಗಳನ್ನು ಹಾಕಿಡಿಸಲಾಗುತ್ತಿದೆಯೆಂದು ೨೦೨೦ರ ಅಕ್ಟೋಬರಿನಲ್ಲಿ ಮುಂಬಯಿ ಪೊಲೀಸರು ಆರೋಪ ಹೊರಿಸಿದರು. ಆರೋಪಗಳು ನಿರಾಕೃತವಾದುವು, ೨೦೨೪ರಲ್ಲಿ ಮೊಕದ್ದಮೆಯನ್ನು ಹಿಂತೆಗೆದುಕೊಳ್ಳಲು ನ್ಯಾಯಾಲಯವು ಸರಕಾರಕ್ಕೆ ಅನುಮತಿಯಿತ್ತಿತು. ಆದರೆ ಸುದ್ದಿವಾಹಿನಿಗಳ ಗಣನೆಯ ಪ್ರಕಟಣೆ ೨೦೨೨ರ ಮಾರ್ಚಿನವರೆಗೆ ನಿಂತುಹೋದುದು ಸಣ್ಣ ಸಂಗತಿಯಲ್ಲ. ೨೦೨೦ರ ಜುಲೈಯಲ್ಲಿ, ಸಾಮಾಜಿಕ ಜಾಲಗಳಲ್ಲಿ ಹುಸಿ ಅನುಯಾಯಿಗಳನ್ನು ಮಾರುವವರ ಮೇಲೆಯೂ ಇದೇ ನಗರದ ಪೊಲೀಸರು ತನಿಖೆ ಕೈಕೊಂಡರು.

ವಂಚನೆಯ ಕಥೆಯಲ್ಲಿ ಒತ್ತುವವನ ಪಾಡು ಸಾಮಾನ್ಯವಾಗಿ ಮರೆತುಹೋಗುತ್ತದೆ. ಗೃಹಿಣಿಯರೂ ಪದವೀಧರರೂ ಹಣಕ್ಕಾಗಿ ಮನೆಯಲ್ಲಿ ಕುಳಿತು ಜಾಹೀರಾತುಗಳನ್ನು ಒತ್ತುತ್ತಿರುವ ವಿಷಯವನ್ನು ಟೈಮ್ಸ್ ಆಫ್ ಇಂಡಿಯಾ ಪತ್ರಿಕೆ ೨೦೦೪ರಲ್ಲಿಯೇ ವರದಿ ಮಾಡಿತ್ತು. ಅಂದು ಅವರು ವಂಚನೆಯ ಕೈಗಳು. ಕ್ರಮೇಣ ಅವರೇ ಅದರ ಬಲಿಗಳಾದರು. ೨೦೧೭ರಲ್ಲಿ ಉತ್ತರಪ್ರದೇಶದ ಪೊಲೀಸರು ಹಿಡಿದ ನೋಯ್ಡಾದ ಸೋಶಿಯಲ್ ಟ್ರೇಡ್ ಪ್ರಕರಣದಲ್ಲಿ ಜನರು ಮೊದಲು ಸಾವಿರಾರು ರೂಪಾಯಿ ಕಟ್ಟಿ, ಒತ್ತಿಗೆ ೫ ರೂಪಾಯಿಯ ಆಸೆಯಿಂದ ದಿನವೂ ಒತ್ತುತ್ತಿದ್ದರು. ಸಂಗ್ರಹವಾದ ಹಣ ಸುಮಾರು ೩,೭೦೦ ಕೋಟಿ ರೂಪಾಯಿಯೆಂದು ಪೊಲೀಸರು ಹೇಳಿದರು. ಅಲ್ಲಿ ಜಾಹೀರಾತು ನೆಪಮಾತ್ರ. ಹೊಸಬರ ಹಣವೇ ಹಳಬರ ಕೂಲಿ. ಈಚಿನ ವರ್ಷಗಳಲ್ಲಿ ಮುಂಬಯಿ, ಠಾಣೆ, ನವಿ ಮುಂಬಯಿಗಳ ಪೊಲೀಸರಿಗೆ ಬರುತ್ತಿರುವ ದೂರುಗಳ ಜಾಡೂ ಇದೇ: ಚಲಚ್ಚಿತ್ರದ ತುಣುಕುಗಳಿಗೆ ಮೆಚ್ಚುಗೆ ಒತ್ತಿದರೆ ಹಣವೆಂಬ ಸಂದೇಶ, ಮೊದಲು ಕೈಗೆ ಬರುವ ಅಲ್ಪ ಮೊತ್ತ, ಆಮೇಲೆ ಮುಂಗಡ ಕಟ್ಟಬೇಕೆಂಬ ಕರೆ, ಕೊನೆಗೆ ಉಳಿತಾಯವೆಲ್ಲ ಮಾಯ. ನಿವೃತ್ತರೂ ಕೆಲಸ ಹುಡುಕುವ ಯುವಕರೂ ಇದರಲ್ಲಿ ಸಿಕ್ಕಿಬಿದ್ದಿದ್ದಾರೆ.

ಹಾಗಾದರೆ ಉಪಾಯವೇನು? ಭಾರತೀಯ ನ್ಯಾಯಸಂಹಿತೆಯ ೩೧೮ನೆಯ ಕಲಮು ವಂಚನೆಗೂ, ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೬ ಡಿ ಕಲಮು ಗಣಕಯಂತ್ರದ ಮೂಲಕ ವೇಷ ಮರೆಸಿ ಮಾಡುವ ಮೋಸಕ್ಕೂ ಶಿಕ್ಷೆ ವಿಧಿಸುತ್ತವೆ. ಹಣ ಕಳೆದುಕೊಂಡವನು ತಡಮಾಡದೆ ೧೯೩೦ ಸಂಖ್ಯೆಗೆ ದೂರವಾಣಿ ಮಾಡಿದರೆ ಬ್ಯಾಂಕುಗಳಲ್ಲಿ ಅದನ್ನು ತಡೆಹಿಡಿಯುವ ಸಂಭವವುಂಟು. ಆದರೆ ಎದುರು ಅಂಗಡಿಯವನ ಹತ್ತು ಒತ್ತುಗಳಿಗಾಗಿ ಯಾರೂ ನ್ಯಾಯಾಲಯದ ಮೆಟ್ಟಿಲು ಹತ್ತುವುದಿಲ್ಲ. ಸಣ್ಣ ವ್ಯಾಪಾರಿಗೆ ಉಳಿದಿರುವುದು ಹಳೆಯ ಲೆಕ್ಕಶಾಸ್ತ್ರದ ಮಾರ್ಗ. ಬ್ಯಾಂಕಿನ ಪಾಸ್‌ಬುಕ್ಕನ್ನು ತನ್ನ ಖಾತೆಯೊಡನೆ ತಾಳೆ ನೋಡುವಂತೆ, ಜಾಹೀರಾತು ಸಂಸ್ಥೆ ಕಳುಹಿದ ಒತ್ತಿನ ಪಟ್ಟಿಯನ್ನು ಅಂಗಡಿಗೆ ನಿಜವಾಗಿ ಬಂದ ಕರೆ, ವಿಚಾರಣೆ, ಬೇಡಿಕೆಗಳೊಡನೆ ವಾರಕ್ಕೊಮ್ಮೆ ತಾಳೆ ನೋಡಬೇಕು. ದಾದರಿನಲ್ಲಿ ವ್ಯಾಪಾರ ಮಾಡುವವನ ಜಾಹೀರಾತು ದೂರದ ಊರುಗಳಲ್ಲಿ ಕಾಣಿಸಬೇಕಾದ ಅಗತ್ಯವಿಲ್ಲ. ಪ್ರದೇಶವನ್ನೂ ಹೊತ್ತನ್ನೂ ಮಿತಗೊಳಿಸಬಹುದು. ಅನುಮಾನ ಬಂದ ಒತ್ತುಗಳ ಹಣವನ್ನು ಮರಳಿ ಜಮೆ ಮಾಡಿಸಿಕೊಳ್ಳಲು ಅರ್ಜಿ ಸಲ್ಲಿಸಬಹುದು.

೧೯೪೮ರಲ್ಲಿ ಪತ್ರಿಕೆಯ ಪ್ರತಿಗಳಿಗೆ ದೊರೆತ ಮೂರನೆಯ ಕೈ ಒತ್ತುಗಳಿಗೆ ಇನ್ನೂ ಪೂರ್ಣವಾಗಿ ದೊರೆತಿಲ್ಲ. ಅದು ದೊರೆಯುವವರೆಗೆ ವ್ಯಾಪಾರಿಯು ತನ್ನ ಮನೆಯ ಕೊಳಗವನ್ನು ತಾನೇ ಇಟ್ಟುಕೊಂಡು ಅಳೆಯುವುದು ಕ್ಷೇಮ.