‘ಬ್ಲೀಕ್’ ಎಂಬ ಮಾತು

ಸುಲಭವಾಗಿ ಕೈಗೆ ಸಿಕ್ಕಂತೆ ತೋರಿ ಜಾರಿಹೋಗುವ ಆಂಗ್ಲ ಶಬ್ದಗಳಲ್ಲಿ ‘ಬ್ಲೀಕ್’ ಎಂಬುದೊಂದು. ನಮ್ಮ ವಿದ್ಯಾರ್ಥಿಗಳು ಇದಕ್ಕೆ ‘ನಿರಾಶಾದಾಯಕ’ವೆಂದು ಬರೆದು ಮುಂದೆ ಸಾಗುತ್ತಾರೆ. ಭವಿಷ್ಯವನ್ನು ಕುರಿತಾದರೆ ಆ ಮಾತು ಹೊಂದೀತು. ಆದರೆ ಬೆಟ್ಟವೊಂದು ‘ನಿರಾಶಾದಾಯಕ’ವಾಗುವುದು ಹೇಗೆ?

ಶಬ್ದದ ಮೂಲದಲ್ಲಿರುವುದು ನಿರಾಶೆಯಲ್ಲ, ಬಣ್ಣ. ಪ್ರಾಚೀನ ನಾರ್ಸ್ ಭಾಷೆಯ ‘ಬ್ಲೈಕ್ರ್’ ಎಂದರೆ ಬಿಳಿಚಿದ್ದು, ಬೆಳ್ಳಗೆ ಹೊಳೆಯುವುದು. ಬಟ್ಟೆಯ ಬಣ್ಣ ಕಳೆಯುವ ‘ಬ್ಲೀಚ್’ ಇದರ ದಾಯಾದಿ. ಯುರೋಪಿನ ನದಿಗಳಲ್ಲಿರುವ ಬೆಳ್ಳಿಮೈಯ ಸಣ್ಣ ಮೀನೊಂದಕ್ಕೂ ಇದೇ ಹೆಸರುಂಟು. ಆ ಬಡಪಾಯಿಗೆ ವಿಷಾದದ ಸೋಂಕಿಲ್ಲ. ಬಿಳಿಚಿದ ಮೈಯಿಂದ ಮರಗಿಡಗಳಿಲ್ಲದ ಬಯಲಿಗೆ, ಆ ಬಯಲ ಮೇಲೆ ಬೀಸುವ ಶೀತಗಾಳಿಗೆ, ಕಡೆಗೆ ಮನುಷ್ಯನ ನಾಳೆಗೆ ಅರ್ಥವು ಹಬ್ಬಿತು. ನಾವು ಭವಿಷ್ಯ ‘ಕತ್ತಲಾಯಿತು’ ಎನ್ನುವಲ್ಲಿ ಇಂಗ್ಲಿಷಿನವನು, ಮೂಲಾರ್ಥವನ್ನೇ ಹಿಡಿದು ಹೇಳುವುದಾದರೆ, ‘ಬಿಳಿಚಿತು’ ಎನ್ನುತ್ತಾನೆ!

ಈ ಮಾತಿನ ಜೀವ ಗಾಳಿಯಲ್ಲಿದೆಯೆಂದು ನನ್ನ ಎಣಿಕೆ. ಚಾರ್ಲ್ಸ್ ಡಿಕನ್ಸ್ 1852-53ರಲ್ಲಿ ಮಾಸಿಕ ಕಂತುಗಳಾಗಿ ಪ್ರಕಟಿಸಿದ ‘ಬ್ಲೀಕ್ ಹೌಸ್’ ಕಾದಂಬರಿಯನ್ನೇ ನೋಡಬಹುದು. ಚಾನ್ಸರಿ ನ್ಯಾಯಾಲಯದ ಮುಗಿಯದ ವ್ಯಾಜ್ಯದಲ್ಲಿ ಸವೆದುಹೋದ ಟಾಮ್ ಜಾರ್ನ್‌ಡಿಸ್ ತನ್ನ ಮನೆಗೆ ಆ ಹೆಸರಿಟ್ಟನು. ಅವನ ಕಾಲದಲ್ಲಿ ಬಿರುಕುಬಿಟ್ಟ ಗೋಡೆಗಳಲ್ಲಿ ಗಾಳಿ ಸಿಳ್ಳುಹಾಕುತ್ತಿತ್ತು, ಸೂರಿನಿಂದ ಮಳೆ ಸುರಿಯುತ್ತಿತ್ತು. ಅವನ ಉತ್ತರಾಧಿಕಾರಿ ಜಾನ್ ಮನೆಯನ್ನು ದುರಸ್ತಿಮಾಡಿ ಬೆಚ್ಚಗಿನ ಆಶ್ರಯವನ್ನಾಗಿಸಿದನು. ಹೆಸರನ್ನು ಮಾತ್ರ ಬದಲಿಸಲಿಲ್ಲ. ಮನಸ್ಸು ನೊಂದಾಗಲೆಲ್ಲ ‘ಮೂಡಣ ಗಾಳಿ ಬೀಸುತ್ತಿದೆ’ ಎಂಬುದು ಈತನ ವಾಡಿಕೆ. ಗೋಡೆಯ ಬಿರುಕು ಮುಚ್ಚಿದರೂ ಗಾಳಿ ಒಳಗೆ ಉಳಿದಿತ್ತೆನ್ನೋಣ.

ಕನ್ನಡದಲ್ಲಿ ಇದಕ್ಕೆ ಬಡತನವೇನೂ ಇಲ್ಲ. ಬೋಳುಗುಡ್ಡವಿದೆ, ಬೆಂಗಾಡಿದೆ, ಬಿಕೋ ಎನ್ನುವ ಬೀದಿಯಿದೆ, ಭಣಗುಟ್ಟುವ ಮನೆಯಿದೆ. ಆದರೆ ಬೆಂಗಾಡು ಬಿಸಿಲಿನ ಕೂಸು, ‘ಬ್ಲೀಕ್’ ಚಳಿಯದು. ‘ಬಿಕೋ’ ಎಂಬುದರಲ್ಲಿ ಜನರಿಲ್ಲದ ಕೊರತೆಯೇ ಮುಖ್ಯ; ಇಂಗ್ಲಿಷ್ ಮಾತು ಜನ ತುಂಬಿದ ಊರಿಗೂ ಸಲ್ಲುತ್ತದೆ. ಆದ್ದರಿಂದ ಒಂದೇ ಪ್ರತಿಪದವನ್ನು ಕಂಠಪಾಠ ಮಾಡಿಸುವುದು ವ್ಯರ್ಥ. ಬೆಟ್ಟಕ್ಕೆ ‘ಬೋಳು’, ಹವೆಗೆ ‘ಕೊರೆಯುವ’, ನಗೆಗೆ ‘ಕಳೆಗೆಟ್ಟ’ ಎಂದು ಸನ್ನಿವೇಶ ನೋಡಿ ಆರಿಸಬೇಕು.

ಡಿಕನ್ಸನ ಮನೆಯ ಹೆಸರೇ ತೊಡಕಿನದು. ‘ಹಾಳುಮನೆ’ ಎಂದರೆ ಜಾನನ ದುರಸ್ತಿಯೆಲ್ಲ ನೀರುಪಾಲು. ‘ಗಾಳಿಮನೆ’ ಎಂಬುದು ನನಗೆ ಹಿಡಿಸುತ್ತದೆ. ಆದರೆ ನಮ್ಮಲ್ಲಿ ‘ಗಾಳಿ’ ದೆವ್ವಕ್ಕೂ ಹೆಸರಾದ್ದರಿಂದ ವಾಚಕರು ಭೂತದ ಕಥೆಯೆಂದು ಪುಸ್ತಕ ತೆರೆದಾರು.