ನಿಮಗಿದು ಗೊತ್ತೇ? ಒಂದೇ ನೀರಲ್ಲಿ ಮೀನು, ಸೊಪ್ಪು

* ಮೀನು ಅಮೋನಿಯವನ್ನು ಬಹುಪಾಲು ಹೊರಹಾಕುವುದು ಕಿವಿರಿನಿಂದ. ಹಾಗಾಗಿ ತೊಟ್ಟಿಯ ತಳವನ್ನು ಎಷ್ಟು ಶುಚಿ ಮಾಡಿದರೂ ನೀರು ವಿಷವಾಗುತ್ತಲೇ ಇರುತ್ತದೆ. ಮೀನನ್ನು ಪಾರುಮಾಡುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಗಿಡಕ್ಕೆ ಊಟ. ಮೀನು, ತರಕಾರಿ ಎರಡನ್ನೂ ಒಂದೇ ನೀರಲ್ಲಿ ಬೆಳೆಸುವ ಅಕ್ವಾಪೋನಿಕ್ಸ್‌ನಲ್ಲಿ ಮೊದಲು ಸಾಕಬೇಕಾದ್ದು ಈ ಬ್ಯಾಕ್ಟೀರಿಯಾವನ್ನೇ.

* ಈ ಬ್ಯಾಕ್ಟೀರಿಯಾ ಗಿಡ ನೆಡುವ ಜಲ್ಲಿಯ ಮೈಮೇಲೆ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ತೊಟ್ಟಿ ತುಂಬಿದ ದಿನವೇ ಮರಿ ತುಂಬಿಸಿಬಿಟ್ಟರೆ, ತಾವೇ ಬಿಟ್ಟ ಅಮೋನಿಯಕ್ಕೆ ಅವೇ ಬಲಿಯಾಗುತ್ತವೆ.

* ಹಾಗೆ ಅವಸರದಲ್ಲಿ ಮರಿ ಬಿಟ್ಟ ತೊಟ್ಟಿಯಲ್ಲಿ ಮೊದಲ ವಾರಗಳಲ್ಲಿ ನೈಟ್ರೈಟ್ ಏರಿದರೆ ಮೀನಿನ ರಕ್ತ ಕಂದುಬಣ್ಣಕ್ಕೆ ತಿರುಗುತ್ತದೆ. ನೀರಲ್ಲಿ ಆಮ್ಲಜನಕ ಇದ್ದರೂ ರಕ್ತ ಅದನ್ನು ಹೊರಲಾರದು. ಇದಕ್ಕೆ ಮದ್ದು ಸರಳ: ಲೀಟರಿಗೆ ಒಂದು ಗ್ರಾಂನಷ್ಟು ಅಯೋಡಿನ್ ಬೆರೆಸದ ಉಪ್ಪು. ಉಪ್ಪಿನ ಕ್ಲೋರೈಡ್ ಇದ್ದರೆ ನೈಟ್ರೈಟ್ ಕಿವಿರಿನ ಒಳಗೆ ಅಷ್ಟು ಸುಲಭವಾಗಿ ನುಗ್ಗದು. ಆದರೆ ಗಿಡಗಳಿಗೆ ಉಪ್ಪು ಆಗಿಬರುವುದಿಲ್ಲ, ಅಳತೆ ಮೀರಬೇಡಿ.

* ನೀರಿನ ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯದ ವಿಷರೂಪ ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ. ಗಿಡಗಳು ತುಸು ಹುಳಿ ನೀರು ಕೇಳುತ್ತವೆ, ಬ್ಯಾಕ್ಟೀರಿಯಾ ತುಸು ಕ್ಷಾರ ಕೇಳುತ್ತವೆ. ಮೂರೂ ಜೀವಕ್ಕೆ ಒಪ್ಪುವ ರಾಜಿ 6ರಿಂದ 7ರ ನಡುವೆ.

* ಜಲ್ಲಿ ತರುವ ಮುನ್ನ ನಾಲ್ಕು ಕಲ್ಲಿನ ಮೇಲೆ ವಿನೆಗರ್ ಹಾಕಿ ನೋಡಿ. ನೊರೆ ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣ ಇದೆ. ಆ ಜಲ್ಲಿ ಪಿಎಚ್ಚನ್ನು ಮೇಲಕ್ಕೆ ಎಳೆಯುತ್ತಲೇ ಇರುತ್ತದೆ, ಬೇಡ.

* ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ 1976ರಲ್ಲಿ 'ಆರ್ಕ್' ಎಂಬ ಮನೆಯನ್ನು ದೇಶದ ಆಗಿನ ಪ್ರಧಾನಿ ಪಿಯರ್ ಟ್ರೂಡೊ ಉದ್ಘಾಟಿಸಿದರು. ಕಟ್ಟಿಸಿದ್ದು 1969ರಲ್ಲಿ ಅಮೆರಿಕದಲ್ಲಿ ಹುಟ್ಟಿದ ನ್ಯೂ ಆಲ್ಕೆಮಿ ಇನ್‌ಸ್ಟಿಟ್ಯೂಟ್. ಮನೆಗೆ ಅಂಟಿಕೊಂಡೇ ಹಸಿರುಮನೆ, ಅದರೊಳಗೆ ತರಕಾರಿ ಮಡಿಗಳು, ಬೆಳಕು ಹಾಯುವ ಎತ್ತರದ ಫೈಬರ್‌ಗ್ಲಾಸ್ ತೊಟ್ಟಿಗಳಲ್ಲಿ ಮೀನು. ಆ ತೊಟ್ಟಿಗಳಿಗೆ ಇನ್ನೊಂದು ಕೆಲಸವೂ ಇತ್ತು. ಹಗಲಿನ ಬಿಸಿಲನ್ನು ನೀರು ಹೀರಿಟ್ಟುಕೊಂಡು, ಹಿಮ ಸುರಿಯುವ ರಾತ್ರಿ ಹಸಿರುಮನೆಗೆ ಮರಳಿ ಕೊಡುತ್ತಿತ್ತು. ಮೀನು ಸಾಕುವ ನೀರೇ ಮನೆಯ ಒಲೆ! ಅರ್ಧ ಶತಮಾನ ಕಳೆದರೂ ಇದಕ್ಕಿಂತ ಸೊಗಸಾದ ಉಪಾಯ ನನ್ನ ಕಣ್ಣಿಗೆ ಬಿದ್ದಿಲ್ಲ.

* ಕೆರಿಬಿಯನ್ ಸಮುದ್ರದ ಸೇಂಟ್ ಕ್ರೋಯ್ ದ್ವೀಪದಲ್ಲಿ ಸಿಹಿನೀರಿಗೆ ಬರ. ಅಲ್ಲಿನ ವರ್ಜಿನ್ ಐಲೆಂಡ್ಸ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ರಕೋಸಿ 1980ರ ಸುಮಾರಿಗೆ ಶುರುಮಾಡಿದ ಪ್ರಯೋಗವೇ ಇಂದು ಜಗತ್ತಿನ ಹಲವೆಡೆ ಕಾಣುವ ತೇಲುವ ಹಲಗೆಯ ವಿಧಾನಕ್ಕೆ ಅಡಿಪಾಯ. ಬೇರು ನೀರಿಗೆ ಇಳಿದಿರುತ್ತದೆ, ಗಿಡ ಹಲಗೆಯ ಮೇಲೆ. ಅಲ್ಲಿ ದಿನಕ್ಕೆ ಹೊಸದಾಗಿ ಸೇರಿಸಬೇಕಾದ ನೀರು ಒಟ್ಟು ನೀರಿನ ಶೇ. 1.5ರಷ್ಟು ಮಾತ್ರ.

* ಎಷ್ಟು ಗಿಡ ಹಾಕಬಹುದು ಎಂಬುದನ್ನು ಮೀನಿಗೆ ಹಾಕುವ ಮೇವು ತೀರ್ಮಾನಿಸುತ್ತದೆ. ಒಂದು ಚದರ ಮೀಟರ್ ಸೊಪ್ಪಿಗೆ ದಿನಕ್ಕೆ 40–50 ಗ್ರಾಂ ಮೇವು, ಟೊಮೆಟೊದಂಥ ಕಾಯಿ ಬಿಡುವ ಗಿಡಗಳಿಗೆ 50–80 ಗ್ರಾಂ. ಹೊಸಬರು ಪಾಲಕ್, ಪುದೀನದಿಂದ ಶುರುಮಾಡುವುದೇ ಲೇಸು. ಮೀನು ಸಾವಿರ ಲೀಟರಿಗೆ 20 ಕಿಲೋ ದಾಟಬಾರದು.

* ಮೇವಿನಲ್ಲಿ ಕಬ್ಬಿಣದ ಅಂಶ ಗಿಡಕ್ಕೆ ಸಾಲುವಷ್ಟು ಇರುವುದಿಲ್ಲ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕೀಲೇಟೆಡ್ ಕಬ್ಬಿಣ ಹಾಕಿ.

* ನಲ್ಲಿ ನೀರಿನ ಕ್ಲೋರಿನ್ ಮೀನನ್ನೂ ಕೊಲ್ಲುತ್ತದೆ, ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಒಂದೆರಡು ದಿನ ತೆರೆದಿಟ್ಟು ಬಳಸಿ.

* 30 ಡಿಗ್ರಿ ನೀರಿಗೆ ಲೀಟರಿಗೆ ಏಳೂವರೆ ಮಿಲಿಗ್ರಾಂನಷ್ಟೇ ಆಮ್ಲಜನಕ ಹಿಡಿಯುತ್ತದೆ, 20 ಡಿಗ್ರಿಗೆ ಒಂಬತ್ತು. ಬೇಸಿಗೆಯ ಹಸಿರುಮನೆಯಲ್ಲಿ ರಾತ್ರಿ ಕರೆಂಟ್ ಹೋದರೆ ಕೆಲವೇ ಗಂಟೆಗಳಲ್ಲಿ ಎಲ್ಲ ಮುಗಿದುಹೋಗಬಹುದು. ಬ್ಯಾಟರಿಯ ಏರ್ ಪಂಪ್ ಇಟ್ಟುಕೊಳ್ಳಿ.

* ಎಲೆಗೆ ಹುಳ ಬಿದ್ದರೆ ಪೈರೆಥ್ರಿನ್ ಇರುವ ಔಷಧಿ ಹೊಡೆಯಬೇಡಿ. ಸೇವಂತಿಗೆ ಜಾತಿಯ ಹೂವಿನಿಂದ ಬಂದದ್ದಾದರೂ ಮೀನಿಗೆ ಅದು ಕಡುವಿಷ. ಶಿಲೀಂಧ್ರ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ತಾಮ್ರವೂ ಅಷ್ಟೇ.

* ನಮ್ಮಲ್ಲಿ ಜಿಲೇಬಿ ಮೀನು ಎನ್ನುವ ತಿಲಾಪಿಯಾ ಆಫ್ರಿಕಾ ಮೂಲದ್ದು, ಭಾರತಕ್ಕೆ ಬಂದದ್ದು 1952ರಲ್ಲಿ. ಮರಿಗಳನ್ನು ತಾಯಿ ಬಾಯೊಳಗಿಟ್ಟು ಕಾಪಾಡುವುದರಿಂದ ಬೇಗ ಸಂತತಿ ಹೆಚ್ಚುತ್ತದೆ. ಸಾಕಿ ಬೇಸರವಾಯಿತೆಂದು ಅದನ್ನು ಊರ ಕೆರೆಗೆ ಬಿಡುವುದು ಕೆರೆಯ ಸ್ವಂತ ಮೀನುಗಳಿಗೆ ಮಾಡುವ ದ್ರೋಹ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದಂತೂ ದೇಶದಲ್ಲೇ ನಿಷಿದ್ಧ.

* ಮರಿ ಕೊಳ್ಳುವ ಮೊದಲು ಅಕ್ವೇರಿಯಂ ಅಂಗಡಿಯಿಂದ ನೀರು ಪರೀಕ್ಷೆಯ ಕಿಟ್ ತನ್ನಿ. ಅಮೋನಿಯ ಏರಿ ಇಳಿದು, ಆಮೇಲೆ ನೈಟ್ರೈಟ್ ಏರಿ ಇಳಿದು, ಎರಡೂ ಸೊನ್ನೆಯಾಗಿ ನೈಟ್ರೇಟ್ ಕಾಣಿಸಿಕೊಂಡ ಮೇಲಷ್ಟೇ ತೊಟ್ಟಿಗೆ ಮರಿ ಬಿಡಿ.