ಹಾಸ್ಯವೂ ಹತ್ಯೆಯೂ

ನಡೆದ ಸಂಗತಿಯನ್ನು ಆಶ್ರಯಿಸಿದುದು ಆಖ್ಯಾಯಿಕೆ, ಕವಿಯು ಕಲ್ಪಿಸಿದುದು ಕಥೆ ಎಂದು ಅಮರಸಿಂಹನು ಭೇದವನ್ನು ಹೇಳಿರುವನು. ಕಥೆಯಾಗಿದ್ದುಕೊಂಡು ಆಖ್ಯಾಯಿಕೆಯ ವೇಷವನ್ನು ಧರಿಸಿ ಬಂದ ಒಂದು ಕೃತಿಯನ್ನು ಕುರಿತು ವಾಚಕರಿಗೆ ನಾಲ್ಕು ಮಾತುಗಳನ್ನು ಹೇಳಬೇಕೆಂದು ನಾವು ಉದ್ದೇಶಿಸಿರುವೆವು. ಅದು ಅಮೆರಿಕಾ ದೇಶದ ‘ಫಾರ್ಗೋ’ ಎಂಬ ಟೆಲಿವಿಷನ್ ಕಥಾಮಾಲೆ. ಮನೆಯ ಕಿರಿಯರು ಇಂತಹವನ್ನು ನೋಡುತ್ತ ಕುಳಿತಿರುವಾಗ, “ಕೊಲೆಯನ್ನು ಕಂಡು ನಗುವುದೆಂತು?” ಎಂದು ಹಿರಿಯರು ಕೇಳುವುದುಂಟು. ಪ್ರಶ್ನೆಯು ನ್ಯಾಯವಾದುದೇ.

ಮಾಲೆಗೆ ಮೂಲವಾದುದು 1996ರಲ್ಲಿ ಜೋಯಲ್ ಕೋಯೆನ್, ಈಥನ್ ಕೋಯೆನ್ ಎಂಬ ಸಹೋದರರು ನಿರ್ಮಿಸಿದ ಅದೇ ಹೆಸರಿನ ಚಲಚ್ಚಿತ್ರ. ಫಾರ್ಗೋ ಎಂಬುದು ಉತ್ತರ ಡಕೋಟಾ ರಾಜ್ಯದ ಒಂದು ಪಟ್ಟಣ. ಆದರೆ ಹೆಸರು ಮಾತ್ರ ಅದರದು, ಕಥೆಯ ಬಹುಭಾಗವು ನಡೆಯುವುದು ನೆರೆಯ ಮಿನೆಸೋಟಾದಲ್ಲಿ. ಅದು ಹಿಮದ ನಾಡು. ಅಲ್ಲಿಗೆ ವಲಸೆ ಬಂದು ನೆಲಸಿದ ಸ್ಕ್ಯಾಂಡಿನೇವಿಯಾದವರ ಸಂತತಿಯವರು ಅತಿವಿನಯಕ್ಕೆ ಹೆಸರಾದವರು. ಕೋಪ ಬಂದರೂ ಮುಗುಳುನಗೆ, ದುಃಖ ಬಂದರೂ ಹವೆಯ ಮಾತು. ಇಂತಹ ಊರಿನಲ್ಲಿ ಮೋಟಾರುಗಾಡಿಗಳನ್ನು ಮಾರುವ ಒಬ್ಬ ಗೃಹಸ್ಥನು, ಹಣದ ತೊಡಕಿಗೆ ಸಿಕ್ಕಿ, ಮಾವನಿಂದ ದ್ರವ್ಯವನ್ನು ಸೆಳೆಯುವ ಸಲುವಾಗಿ ತನ್ನ ಹೆಂಡತಿಯನ್ನೇ ಅಪಹರಿಸಲು ಇಬ್ಬರು ದುಷ್ಟರನ್ನು ಗೊತ್ತುಮಾಡುವನು. ಹೆಣಗಳು ಒಂದರ ಮೇಲೊಂದು ಬೀಳುವುವು. ಇದನ್ನು ಭೇದಿಸುವವಳು ಬ್ರೇನರ್ಡ್ ಎಂಬ ಸಣ್ಣ ಊರಿನ ಪೊಲೀಸ್ ಮುಖ್ಯಾಧಿಕಾರಿಣಿ ಮಾರ್ಜ್, ತುಂಬು ಗರ್ಭಿಣಿ. ಆ ಪಾತ್ರವನ್ನು ವಹಿಸಿದ ಫ್ರಾನ್ಸೆಸ್ ಮೆಕ್‌ಡಾರ್ಮಂಡ್ ಎಂಬಾಕೆಗೆ ಆಸ್ಕರ್ ಬಹುಮಾನವು ದೊರೆಯಿತು.

ಚಿತ್ರದ ಆರಂಭದಲ್ಲಿಯೇ, ಇದು ನಿಜವಾಗಿ ನಡೆದ ಕಥೆ, ಬದುಕಿ ಉಳಿದವರ ಬೇಡಿಕೆಯಂತೆ ಹೆಸರುಗಳನ್ನು ಮಾತ್ರ ಬದಲಿಸಿದೆ ಎಂಬ ಅರ್ಥದ ಬರಹವೊಂದು ತೋರುವುದು. ಅದು ಸುಳ್ಳು. ಕಥೆಯು ಕಲ್ಪಿತ. ಆದರೆ ಸುಳ್ಳಿಗೆ ಕಾಲುಗಳು ಬೆಳೆದುವು. 2001ರಲ್ಲಿ ಮಿನೆಸೋಟಾದಲ್ಲಿ ಜಪಾನು ದೇಶದ ತರುಣಿಯೊಬ್ಬಳು ಮೃತಳಾಗಿ ಸಿಕ್ಕಿದಾಗ, ಚಿತ್ರದಲ್ಲಿ ಹಿಮದಡಿ ಹೂಳಿದ ಹಣವನ್ನು ನಿಜವೆಂದು ನಂಬಿ ಹುಡುಕಲು ಬಂದವಳೆಂದು ಸುದ್ದಿ ಹಬ್ಬಿತು. ಅದೂ ಸುಳ್ಳೇ. ಆಕೆಯ ದುಃಖಕ್ಕೆ ಕಾರಣಗಳು ಬೇರೆಯಾಗಿದ್ದುವು. ಕವಿಗಳ ವಿನೋದವು ಎಲ್ಲಿಗೆ ಹೋಗಿ ಮುಟ್ಟಬಹುದೆಂಬುದಕ್ಕೆ ಇದಕ್ಕಿಂತ ಕ್ರೂರವಾದ ನಿದರ್ಶನವನ್ನು ನಾವು ಕಾಣೆವು.

2014ರಲ್ಲಿ ನೋವಾ ಹಾಲಿ ಎಂಬ ಲೇಖಕನು ಈ ಚಿತ್ರವನ್ನು ಟೆಲಿವಿಷನ್ನಿಗೆ ಅಳವಡಿಸಿದನು. ಅಳವಡಿಸಿದನೆಂದರೆ ಹಳೆಯ ಕಥೆಯನ್ನೇ ಉದ್ದಮಾಡಿದನೆಂದಲ್ಲ. ಹಿಮವನ್ನೂ, ವಿನಯವನ್ನೂ, ಆ ಸುಳ್ಳು ಬರಹವನ್ನೂ ಉಳಿಸಿಕೊಂಡು, ಪ್ರತಿಯೊಂದು ಮಾಲೆಗೂ ಹೊಸ ಕಥೆಯನ್ನೂ ಹೊಸ ಕಾಲವನ್ನೂ ಕಲ್ಪಿಸಿದನು. 2024ರ ಜನವರಿಯವರೆಗೆ ಇಂತಹ ಐದು ಮಾಲೆಗಳು ಬಂದಿರುವುವು. 1950ರ ಕ್ಯಾನ್ಸಸ್ ಸಿಟಿಯಲ್ಲಿ ನಡೆಯುವ ನಾಲ್ಕನೆಯದು ಪಾತ್ರಗಳ ಸಂತೆಯಲ್ಲಿ ದಾರಿ ತಪ್ಪಿದೆಯೆಂದು ನಮ್ಮ ಅಭಿಪ್ರಾಯ.

ಮೊದಲನೆಯದನ್ನು ಮಾತ್ರ ವಿಸ್ತರಿಸಿ ಹೇಳಬೇಕು. ಬೆಮಿಜಿ ಎಂಬ ಊರಿನಲ್ಲಿ ಲೆಸ್ಟರ್ ಎಂಬ ವಿಮಾ ಮಾರಾಟಗಾರನಿರುವನು. ಹೆಂಡತಿಯ ಚುಚ್ಚುಮಾತು, ಶಾಲೆಯಲ್ಲಿ ಪೀಡಿಸುತ್ತಿದ್ದವನಿಂದ ಈಗಲೂ ಅಪಮಾನ. ಮೂಗು ಒಡೆದುಕೊಂಡು ಆಸ್ಪತ್ರೆಯಲ್ಲಿ ಕುಳಿತಾಗ ಪಕ್ಕದಲ್ಲಿ ಮಾಲ್ವೋ ಎಂಬ ಅಪರಿಚಿತನು ಇರುವನು. ಕಲಿಯೇ ನಳನನ್ನು ಹೊಕ್ಕಂತೆ ಅವನ ಮಾತು ಲೆಸ್ಟರನನ್ನು ಹೊಗುವುದು. ಕೆಲವೇ ದಿನಗಳಲ್ಲಿ ಲೆಸ್ಟರನು ಹೆಂಡತಿಯನ್ನು ಸುತ್ತಿಗೆಯಿಂದ ಹೊಡೆದು ಕೊಂದಿರುವನು. ಮಾಲಿ ಎಂಬ ಕಿರಿಯ ಪೊಲೀಸ್ ಅಧಿಕಾರಿಣಿಗೆ ಸತ್ಯವು ಹೊಳೆಯುವುದು. ಆಕೆಯ ಮೇಲಧಿಕಾರಿಯು ಲೆಸ್ಟರನ ಸಹಪಾಠಿ, ಒಳ್ಳೆಯವನೇ, ಆದರೆ ತನ್ನ ಊರಿನವನು ಹೀಗೆ ಮಾಡಿಯಾನೆಂದು ನಂಬಲಾರನು. ಅವನು ತಲೆಯಾಡಿಸುವ ರೀತಿಗೆ ನಾವು ನಗುವೆವು. ಲೆಸ್ಟರನ ಒದ್ದಾಟಕ್ಕೂ ನಗುವೆವು.

ಮುಂದೆ ಲೆಸ್ಟರನು ಮರುಮದುವೆಯಾಗಿ ಗಣ್ಯನಾಗಿರುವನು. ಒಂದು ರಾತ್ರಿ ತನ್ನ ಕಛೇರಿಯೊಳಗೆ ಮಾಲ್ವೋ ಹೊಂಚಿ ಕುಳಿತಿರಬಹುದೆಂದು ಅವನಿಗೆ ಸಂಶಯ. ಒಳಗಿನಿಂದ ಪಾಸ್‌ಪೋರ್ಟುಗಳನ್ನು ತರುವಂತೆ ಹೊಸ ಹೆಂಡತಿಗೆ ಹೇಳಿ, ತನ್ನ ಕೋಟನ್ನೇ ಆಕೆಗೆ ತೊಡಿಸಿ, ತಲೆಗೆ ಮುಸುಕನ್ನೂ ಎಳೆಸುವನು. ಆಕೆ ಗಂಡನ ಪ್ರೀತಿಯೆಂದೇ ತಿಳಿದು ಹೋಗುವಳು. ಗುಂಡು ಹಾರುವುದು. ಇಲ್ಲಿ ಕವಿಯು ನಗೆಯನ್ನು ಪೂರ್ಣವಾಗಿ ಹಿಂತೆಗೆದುಕೊಂಡಿರುವನು.

ಹಾಸ್ಯಕ್ಕೆ ಭಯಾನಕವೂ ಕರುಣವೂ ವಿರೋಧಿಗಳೆಂದು ಸಾಹಿತ್ಯದರ್ಪಣದ ವಿಶ್ವನಾಥನು ಹೇಳಿರುವನು. ಹಾಗಾದರೆ ಇವು ಒಂದೇ ಪಂಕ್ತಿಯಲ್ಲಿ ಕುಳಿತುದು ಹೇಗೆ? ವಿರುದ್ಧ ರಸಗಳಿಗೆ ಬೇರೆ ಬೇರೆ ಆಶ್ರಯಗಳನ್ನು ಕಲ್ಪಿಸಿದರೆ ದೋಷವಿಲ್ಲವೆಂದು ಆನಂದವರ್ಧನನು ದಾರಿ ತೋರಿಸಿರುವನು. ಶೂದ್ರಕನ ಮೃಚ್ಛಕಟಿಕದಲ್ಲಿ ಶಕಾರನನ್ನು ನೋಡಿರಿ. ರಾಮಾಯಣ ಭಾರತಗಳನ್ನು ಕಲಸಿ ಮಾತನಾಡುವ ಆ ರಾಜಶ್ಯಾಲನು ಬಾಯಿ ತೆರೆದರೆ ಸಭೆಯು ನಗುವುದು. ಅವನೇ ವಸಂತಸೇನೆಯ ಕೊರಳನ್ನು ಹಿಸುಕಿ, ಒಣಗಿದೆಲೆಗಳನ್ನು ಮುಚ್ಚಿ, ಅಪರಾಧವನ್ನು ಚಾರುದತ್ತನ ಮೇಲೆ ಹೊರಿಸುವನು. ನಾವು ನಕ್ಕುದು ಶಕಾರನಿಗೆ, ವಸಂತಸೇನೆಗಲ್ಲ. ಕೊಲೆಯ ಕಥೆಯಲ್ಲಿ ನಗು ಬಂದಾಗ ವಿಚಾರಿಸಬೇಕಾದುದು ಇಷ್ಟೇ: ಅದು ಯಾರ ಮೇಲೆ ಬೀಳುತ್ತಿರುವುದು?

ಈ ಒರೆಗೆ ಹಚ್ಚಿದರೆ ಕೀರ್ತಿವೆತ್ತ ಆ ಮೂಲಚಿತ್ರದಲ್ಲಿಯೇ ಒಂದು ಕಲೆಯು ಕಾಣುವುದು. ಅಪಹೃತಳಾದ ಹೆಂಡತಿಯು ಮುಖಕ್ಕೆ ಮುಸುಕು ಕಟ್ಟಿದಂತೆಯೇ ಹಿಮದ ಮೇಲೆ ದಿಕ್ಕು ತಿಳಿಯದೆ ಓಡುವಳು, ಕಳ್ಳನೊಬ್ಬನು ಬಿದ್ದುಬಿದ್ದು ನಗುವನು, ನೋಡುವವರೂ ನಗುವರು. ಆಕೆಗೆ ಮಾತೇ ಕಡಿಮೆ, ಮರಣವೂ ತೆರೆಯ ಮರೆಯಲ್ಲಿ. ಮಾರ್ಜಳು ಕೊಲೆಗಾರನನ್ನು ಹಿಡಿದು, ಅಲ್ಪ ಹಣಕ್ಕಾಗಿ ಇಷ್ಟೆಲ್ಲವೇ ಎಂದು ಕೇಳಿ, ಮನೆಗೆ ಬಂದು, ತನ್ನ ಚಿತ್ರವು ಮೂರೇ ಸೆಂಟಿನ ಅಂಚೆಚೀಟಿಗೆ ಆಯ್ಕೆಯಾಯಿತೆಂದು ಕೊರಗುವ ಗಂಡನನ್ನು, ದರವೇರಿದಾಗ ಚಿಲ್ಲರೆ ಚೀಟಿಗಳೇ ಜನಕ್ಕೆ ಬೇಕಾಗುವುವೆಂದು ಸಮಾಧಾನಪಡಿಸುವಳು. ಆ ಶಾಂತರಸವು ಅಮೋಘವಾದುದು. ಆದರೂ ಹಿಮದಲ್ಲಿ ಓಡಿದವಳ ಸಾಲವು ತೀರಲಿಲ್ಲ.

ಅದನ್ನು ತೀರಿಸಿದುದು 2023ರಲ್ಲಿ ಆರಂಭವಾದ ಐದನೆಯ ಮಾಲೆ. ಇಲ್ಲಿಯೂ ಇಬ್ಬರು ಒಬ್ಬ ಗೃಹಿಣಿಯನ್ನು ಅಪಹರಿಸಲು ಮನೆಗೆ ನುಗ್ಗುವರು. ಆದರೆ ಈ ಡಾರತಿಯು ಕೈಗೆ ಸಿಕ್ಕಿದ ಮನೆಯ ಸಾಮಾನನ್ನೇ ಆಯುಧವಾಗಿ ಮಾಡಿಕೊಂಡು ಕಾದುವಳು. ಪೆಟ್ಟು ತಿಂದ ಕಳ್ಳರನ್ನು ಕಂಡು ನಾವು ನಗುವೆವು. ಕಳ್ಳರನ್ನು ಕಳುಹಿಸಿದವನು ಆಕೆಯ ಮೊದಲಿನ ಗಂಡ ರಾಯ್, ಉತ್ತರ ಡಕೋಟಾದ ಒಂದು ಜಿಲ್ಲೆಯ ಷೆರೀಫ್. ದೇವರ ಹೆಸರನ್ನೂ ಗಂಡನ ಹಕ್ಕನ್ನೂ ಒಂದೇ ಉಸಿರಿನಲ್ಲಿ ಹೇಳಿ ಹೆಂಡತಿಯನ್ನು ಹೊಡೆಯುವ ಆತನ ಬಿಗುಮಾನವು ಒಮ್ಮೊಮ್ಮೆ ಹಾಸ್ಯಾಸ್ಪದವಾಗುವುದು. ಆತನ ಹೊಡೆತವು ಎಂದಿಗೂ ಆಗುವುದಿಲ್ಲ. ಇಂತಹ ಪೆಟ್ಟುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅತಿಥಿಗಳಿಗೆ ಕಾಫಿ ಕೊಡುವ ಸೋದರಿಯರು ನಮ್ಮ ಬೀದಿಗಳಲ್ಲಿಯೂ ಇರುವರು. ರಕ್ತವು ಬಹಳವಾಗಿರುವ ಕಾರಣ ಮಕ್ಕಳಿಗೆ ಇದು ತಕ್ಕುದಲ್ಲ. ಮದುವೆಯ ವಯಸ್ಸಿನ ಗಂಡುಮಕ್ಕಳು ಮಾತ್ರ ನೋಡಲೇಬೇಕೆಂದು ನಾವು ಹೇಳುವೆವು.

ಕಡೆಯಲ್ಲಿ, ಹಿಂದೆ ಅಪಹರಿಸಲು ಬಂದಿದ್ದ ಮಂಚ್ ಎಂಬುವನು ಹಳೆಯ ಲೆಕ್ಕವನ್ನು ತೀರಿಸಲೆಂದು ಡಾರತಿಯ ಮನೆಗೆ ಮತ್ತೆ ಬರುವನು. ಅವನು ಶತಮಾನಗಳಿಂದ ಬದುಕಿರುವವನು. ಕಾಸಿಗಾಗಿ ಧನಿಕನ ಪಾಪವನ್ನು ಅನ್ನದೊಡನೆ ಉಂಡವನು. ಡಾರತಿಯು ಅವನನ್ನು ಹಿಟ್ಟು ಕಲಸುವ ಕೆಲಸಕ್ಕೆ ಹಚ್ಚುವಳು. ಆ ನಾಡಿನ ಬಿಸ್ಕತ್ತೆಂದರೆ ನಮ್ಮ ಅಂಗಡಿಯ ಗರಿಗರಿಯಾದುದಲ್ಲ, ಮನೆಯಲ್ಲಿಯೇ ಬೇಯಿಸುವ ಮೆತ್ತನೆಯ ರೊಟ್ಟಿ. ಎಲ್ಲರೂ ಮೇಜಿನ ಸುತ್ತ ಕುಳಿತಾಗ ಅವನು ಅದನ್ನು ಕೈಯಲ್ಲಿ ಹಿಡಿದು, ಕಚ್ಚಿ, ಮೊಟ್ಟಮೊದಲ ಬಾರಿಗೆ ನಗುವನು.